ಬೇರು ಉದ್ದವಾಗುವುದು ತುದಿಯಲ್ಲಿ ಮಾತ್ರ

ಎರಡು ಸೆಂಟಿಮೀಟರ್ ಉದ್ದದ ಬೀನ್ಸ್ ಬೇರಿನ ಮೇಲೆ ಮಿಲಿಮೀಟರಿಗೊಂದರಂತೆ ಗೆರೆ ಹಾಕುವುದು ಸುಲಭದ ಕೆಲಸ ಅಲ್ಲ. ಮೊದಲ ಸಲ ಪೆನ್ನು ಹಿಡಿದೆ. ಇಂಕು ಹರಡಿ ಇಡೀ ಬೇರು ನೀಲಿಯಾಯಿತು. ಎರಡನೇ ಸಲ ಗೆರೆ ಚೆನ್ನಾಗಿಯೇ ಬಂತು, ಆದರೆ ನಾನು ಅಷ್ಟು ಹೊತ್ತು ತೆಗೆದುಕೊಂಡಿದ್ದರಿಂದ ಬೇರು ಒಣಗಿ ಸತ್ತಿತು. ಮೂರನೇ ಸಲ ಹೊಲಿಗೆ ದಾರವನ್ನು ಕಪ್ಪು ಇಂಕಿನಲ್ಲಿ ಅದ್ದಿ, ಒದ್ದೆ ಬಟ್ಟೆಯ ಮೇಲೆ ಮಲಗಿಸಿದ ಬೇರಿಗೆ ಸುಮ್ನೆ ತಾಗಿಸುತ್ತ ಹೋದೆ. ಹದಿನೈದು ಗೆರೆ ಬಿದ್ದವು.

ಮರುದಿನ ನೋಡಿದರೆ ಬೀಜದ ಕಡೆಯ ಹತ್ತು ಗೆರೆಗಳು ಇದ್ದಲ್ಲೇ ಇದ್ದವು. ಅಳತೆಪಟ್ಟಿ ಇಟ್ಟು ನೋಡಿದೆ, ಒಂದೊಂದರ ನಡುವೆ ಅದೇ ಒಂದು ಮಿಲಿಮೀಟರ್. ತುದಿಯ ಹತ್ತಿರದ ನಾಲ್ಕೈದು ಗೆರೆಗಳು ಮಾತ್ರ ದೂರ ದೂರ ಸರಿದಿದ್ದವು. ಬೇರು ರಬ್ಬರಿನಂತೆ ಇಡಿಯಾಗಿ ಹಿಗ್ಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ತುದಿಯಿಂದ ಹಿಂದಕ್ಕೆ ಕೆಲವೇ ಮಿಲಿಮೀಟರ್ ಜಾಗದಲ್ಲಿ ಕೋಶಗಳು ಹುಟ್ಟಿ ಉದ್ದವಾಗುತ್ತವೆ, ಅದರ ಹಿಂದಿನ ಭಾಗ ನಿಂತ ಜಾಗದಲ್ಲೇ ನಿಂತಿರುತ್ತದೆ. ಇದು ನಾನು ಕಂಡುಹಿಡಿದದ್ದೇನೂ ಅಲ್ಲ. 19ನೇ ಶತಮಾನದಲ್ಲೇ ಜರ್ಮನಿಯ ಸಸ್ಯವಿಜ್ಞಾನಿ ಯೂಲಿಯುಸ್ ಸಾಕ್ಸ್ ಹೀಗೆ ಇಂಕಿನ ಗೆರೆ ಹಾಕಿ ತೋರಿಸಿದ್ದ. ಆದರೂ ಕಣ್ಣಾರೆ ನೋಡುವುದು ಬೇರೆ.

ಬರೆಯುವುದು ನನ್ನ ಕೆಲಸ. ಆಗ ಒಂದು ಉದ್ದದ ಲೇಖನ ಸಿಕ್ಕಿಹಾಕಿಕೊಂಡಿತ್ತು. ವಿಷಯ ಮರೆವು. ‘ಮರೆವು ಅಂದರೆ ನೆನಪು ಸವೆದುಹೋಗುವುದು’ ಅಂತ ಶುರು ಮಾಡಿದ್ದೆ. ದಿನವೂ ಮೊದಲ ಪುಟದಿಂದ ಓದುತ್ತಿದ್ದೆ, ತಿದ್ದುತ್ತಿದ್ದೆ, ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಸುಸ್ತು. ಎರಡು ವಾರದಲ್ಲಿ ಮೊದಲ ಪುಟ ಫಳಫಳ ಹೊಳೆಯುತ್ತಿತ್ತು. ನಾಲ್ಕನೆಯದು ಹುಟ್ಟಿರಲೇ ಇಲ್ಲ. ಬೇಸರ ಕಳೆಯಲು ಬೀನ್ಸ್ ಬೀಜ ಮೊಳಕೆ ಹಾಕಿದ್ದೆ ಅಷ್ಟೇ, ಲೇಖನಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ.

ಆಮೇಲೆ ಗಾಜಿನ ಪೆಟ್ಟಿಗೆ ಮಾಡಿದೆ. ಎರಡು ಗಾಜಿನ ಹಾಳೆ, ನಡುವೆ ಎರಡು ಬೆರಳಷ್ಟು ಜರಡಿ ಹಿಡಿದ ಮಣ್ಣು. ಪೆಟ್ಟಿಗೆಯನ್ನು ನೆಟ್ಟಗೆ ಇಡಬಾರದು, ಸ್ವಲ್ಪ ಓರೆಯಾಗಿ ಒರಗಿಸಬೇಕು. ಬೇರು ನೇರ ಕೆಳಕ್ಕೆ ಇಳಿಯಲು ನೋಡುತ್ತದಲ್ವಾ, ಆಗ ಕೆಳಗಿನ ಗಾಜಿಗೆ ಒತ್ತಿಕೊಂಡೇ ಬೆಳೆಯುತ್ತದೆ, ಕಣ್ಣಿಗೆ ಬೀಳುತ್ತದೆ. ಬೆಳಕು ಬೀಳದಂತೆ ಕಪ್ಪು ಕಾಗದ ಮುಚ್ಚಿದೆ. (‘ವಿಚಾರವನ್ನೂ ಹೀಗೇ ಕತ್ತಲಲ್ಲಿ ಬಚ್ಚಿಡಬೇಕು’ ಅಂತ ಇಲ್ಲೊಂದು ಹೋಲಿಕೆ ಕಟ್ಟಬಹುದು. ನಾನು ಕಟ್ಟುವುದಿಲ್ಲ. ನನ್ನ ವಿಚಾರಗಳು ಸಿಕ್ಕವರಿಗೆಲ್ಲ ಹೇಳಿಕೊಂಡೇ ಬೆಳೆದವು.) ದಿನವೂ ರಾತ್ರಿ ಕಾಗದ ತೆಗೆದು, ತುದಿ ಎಲ್ಲಿದೆಯೋ ಅಲ್ಲಿ ಗಾಜಿನ ಮೇಲೆ ಒಂದು ಚುಕ್ಕೆ, ಪಕ್ಕದಲ್ಲಿ ತಾರೀಖು.

ನಾಲ್ಕನೇ ದಿನ ಭೂತಗನ್ನಡಿಯಲ್ಲಿ ಬೇರುರೋಮಗಳನ್ನು ನೋಡಿದೆ. ಬಿಳಿ ವೆಲ್ವೆಟ್ಟಿನಂತಿದ್ದವು. ಮಣ್ಣಿನ ಕಣಗಳ ಸಂದಿಗೆ ನುಗ್ಗಿ ನೀರು, ಲವಣ ಹೀರಲು ನೆರವಾಗುವುದು ಇವೇ. ಒಂದೊಂದು ರೋಮವೂ ಒಂದೇ ಕೋಶದ ಚಾಚು, ಆಯಸ್ಸೂ ಕಡಿಮೆ. ಆದರೆ ನನ್ನ ಗಮನ ಹೋದದ್ದು ಅವು ಇಲ್ಲದ ಜಾಗದ ಕಡೆ. ತುದಿಯಲ್ಲಿ ಒಂದೂ ರೋಮ ಇರಲಿಲ್ಲ. ಉದ್ದವಾಗುತ್ತಿರುವ ಭಾಗದಲ್ಲೂ ಇರಲಿಲ್ಲ. ಅದು ನಿಂತ ಮೇಲೆ, ಅದರ ಹಿಂದೆ ವೆಲ್ವೆಟ್ ಶುರು. ಕಾರಣ ಸರಳ. ಚಲಿಸುವ ಭಾಗದಲ್ಲಿ ರೋಮ ಹುಟ್ಟಿ ಮಣ್ಣನ್ನು ಹಿಡಿದುಕೊಂಡರೆ, ಬೇರು ಮುಂದೆ ಹೋದಾಗ ಅದು ಕಿತ್ತುಹೋಗುತ್ತದೆ.

ಅಲ್ಲಿ ನನಗೆ ನನ್ನ ಚೀಟಿಗಳು ನೆನಪಾದವು. ನಲವತ್ತು ಚೀಟಿ ಬರೆದಿಟ್ಟಿದ್ದೆ. ಎಲ್ಲವೂ ‘ಸವೆದುಹೋಗುವ’ ನೆನಪಿಗೆ ಉದಾಹರಣೆಗಳು. ಆದರೆ ಮಾತೇ ಇನ್ನೂ ನಿಂತಿರಲಿಲ್ಲ, ಸರಿಯುತ್ತಿತ್ತು. ‘ನೆನಪು ಒಳಗೇ ಇದೆ, ಅಲ್ಲಿಗೆ ಹೋಗುವ ದಾರಿ ಸಿಗುತ್ತಿಲ್ಲ’ ಅನ್ನುವ ಕಡೆಗೆ ಹೊರಟಿತ್ತು. ಅದು ಒಂದು ಹೆಜ್ಜೆ ಮುಂದಿಟ್ಟಾಗೆಲ್ಲ ಐದಾರು ಚೀಟಿ ಕಿತ್ತುಹೋಗುತ್ತಿದ್ದವು. ಕಷ್ಟಪಟ್ಟು ಹುಡುಕಿದ ಚೀಟಿ ಬಿಡಲು ಯಾರಿಗೆ ಮನಸ್ಸಾಗುತ್ತದೆ? ಹಾಗಾಗಿ ಮಾತನ್ನೇ ಹಿಂದಕ್ಕೆಳೆದು ಚೀಟಿಗಳ ಹತ್ತಿರ ತಂದು ನಿಲ್ಲಿಸುತ್ತಿದ್ದೆ. ದಿನವೂ ಮೊದಲ ಪುಟಕ್ಕೆ ವಾಪಸ್ ಹೋಗುತ್ತಿದ್ದುದು ಇದಕ್ಕೇ.

ಆವತ್ತಿನಿಂದ ಕ್ರಮ ಬದಲಿಸಿದೆ. ಹೊಸ ನೋಟ್‌ಬುಕ್ ತೆಗೆದೆ. ದಿನದ ಕೊನೆಗೆ, ಇನ್ನೂ ಉತ್ತರ ಸಿಗದ ಒಂದು ಪ್ರಶ್ನೆಯನ್ನು ಪುಟದ ಅಂಚಿನಲ್ಲಿ ಬರೆದು ತಾರೀಖು ಹಾಕುವುದು. ಅದೇ ತುದಿ. ಮರುದಿನ ಅಲ್ಲಿಂದಲೇ ಶುರು, ಹಿಂದಿನ ಪುಟ ಓದುವಂತಿಲ್ಲ. ಪುಸ್ತಕ ತೆರೆದು ಉದಾಹರಣೆ ಹುಡುಕುವುದೂ ಬಂದ್. ಮಾತು ಮೂರು ದಿನ ಒಂದೇ ಕಡೆ ನಿಂತರೆ ಮಾತ್ರ ಅದಕ್ಕೆ ಚೀಟಿ. ಮೂರು ದಿನವೇ ಯಾಕೆ ಅಂದರೆ ಉತ್ತರ ಇಲ್ಲ, ನನಗೆ ಒಗ್ಗಿದ ಲೆಕ್ಕ. 19 ದಿನಕ್ಕೆ ಲೇಖನದ ಕರಡು ಆಯಿತು. ಚೆನ್ನಾಗಿರಲಿಲ್ಲ, ಆದರೆ ಕೊನೆಯವರೆಗೆ ಇತ್ತು. ಹಳೆಯ ನಲವತ್ತು ಚೀಟಿಯಲ್ಲಿ ಉಳಿದದ್ದು ಮೂರು.

ಕನ್ನಡದಲ್ಲಿ ಒಂದು ವಿಚಾರ ‘ಬೇರೂರಿದೆ’ ಅಂದರೆ ಇನ್ನು ಅಲುಗಾಡುವುದಿಲ್ಲ ಅಂತ ಅರ್ಥ. ಅದು ಅರ್ಧ ನಿಜ. ಹಿಂದಿನ ಭಾಗ ಅಲುಗಾಡುವುದಿಲ್ಲ, ಆದರೆ ಸುಮ್ಮನೆಯೂ ಇರುವುದಿಲ್ಲ. ಒಂದು ವಾರ ಕಳೆದ ಮೇಲೆ ತಾಯಿಬೇರಿನ ಹಳೆಯ ಭಾಗದಲ್ಲಿ, ಬೀಜಕ್ಕೆ ಹತ್ತಿರದಲ್ಲಿ, ಕವಲುಬೇರುಗಳು ಮೂಡಿದವು. ಮೇಲಿನ ರೆಂಬೆ ಹೊರಗಿನ ಮೊಗ್ಗಿನಿಂದ ಬರುತ್ತದೆ. ಕವಲುಬೇರು ಹಾಗಲ್ಲ, ನೀರು ಸಾಗಿಸುವ ನಾಳಗಳನ್ನು ಸುತ್ತಿರುವ ಪದರದಲ್ಲಿ, ಒಳಗೆ ಆಳದಲ್ಲಿ ಹುಟ್ಟಿ, ತಾಯಿಬೇರಿನ ಮೈಯನ್ನೇ ಸೀಳಿಕೊಂಡು ಹೊರಬರುತ್ತದೆ. ಗಾಜಿನಲ್ಲಿ ಆ ಸೀಳು ಸ್ಪಷ್ಟವಾಗಿ ಕಾಣುತ್ತಿತ್ತು.

ಲೇಖನದಲ್ಲೂ ಹೀಗಾಯಿತು. ಆರನೇ ಪುಟದಲ್ಲಿ ‘ಹಳೆಯ ವಾಸನೆಯೊಂದು ಬಂದರೆ ಮರೆತದ್ದೆಲ್ಲ ಎದ್ದು ಬರುತ್ತದೆ’ ಅಂತ ಒಂದು ಸಾಲು ಹಾಕಿ ಮುಂದೆ ಹೋಗಿದ್ದೆ. ಮುಗಿದ ಮಾತು ಅಂದುಕೊಂಡಿದ್ದೆ. ಕರಡು ಮುಗಿಸಿ ಓದುವಾಗ ಆ ಸಾಲು ಮಾತ್ರ ತಡೆಯಿತು. ವಾಸನೆಗೆ ಆ ದಾರಿ ಗೊತ್ತಿರುವುದು ಹೇಗೆ? ಆ ಪ್ರಶ್ನೆ ಬೆಳೆದು ಆರನೇ ಪುಟವನ್ನೇ ಹರಿದು ಹಾಕಿತು, ಇನ್ನೊಂದು ಲೇಖನವೇ ಆಯಿತು. ಮೊದಲನೆಯದಕ್ಕಿಂತ ಅದೇ ಚೆನ್ನಾಗಿದೆ.

‘ಬೇರು ನೀರನ್ನು ಹುಡುಕಿಕೊಂಡು ಹೋಗುತ್ತದೆ’ ಅನ್ನುವ ಮಾತಿನ ಬಗ್ಗೆ ನನಗೆ ಈಗ ತಕರಾರಿದೆ. ತೀರಾ ಹತ್ತಿರದ ತೇವದ ಕಡೆ ತುದಿ ಬಾಗುತ್ತದೆ, ನಿಜ. ದೂರದ ನೀರು ಅದಕ್ಕೆ ಗೊತ್ತಾಗುವುದಿಲ್ಲ. ಪೆಟ್ಟಿಗೆಯ ಒಂದು ಪಕ್ಕ ಮಾತ್ರ ನೀರು ಹಾಕಿ ನೋಡಿದೆ. ಬೇರು ಎರಡೂ ಕಡೆ ಇಳಿಯಿತು, ಒಣಗಿದ ಕಡೆ ಬಡಕಲಾಗಿ ನಿಂತಿತು, ಒದ್ದೆಯ ಕಡೆ ಕವಲೋ ಕವಲು. ಅಂದರೆ ಅಲ್ಲಿ ನಡೆಯುವುದು ಎಲ್ಲ ಕಡೆ ಕೈಚಾಚಿ, ಸಿಕ್ಕಲ್ಲಿ ದಟ್ಟವಾಗುವ ಕೆಲಸ. ಎಷ್ಟು ದಟ್ಟ ಅಂದರೆ, 1937ರಲ್ಲಿ ಹೊವಾರ್ಡ್ ಡಿಟ್ಮರ್ ಅನ್ನುವ ಅಮೆರಿಕದ ವಿಜ್ಞಾನಿ ನಾಲ್ಕು ತಿಂಗಳ ಒಂದೇ ಒಂದು ರೈ (ಗೋಧಿಯಂಥ ಒಂದು ಧಾನ್ಯ) ಗಿಡದ ಬೇರುಗಳನ್ನು ಲೆಕ್ಕ ಹಾಕಿದ. ರೋಮ ಬಿಟ್ಟು, ಒಟ್ಟು ಉದ್ದ ಸುಮಾರು 620 ಕಿಲೋಮೀಟರ್. ಗಿಡ ಇದ್ದದ್ದು ಒಂದು ಮರದ ಪೆಟ್ಟಿಗೆಯಲ್ಲಿ.

ಹೋಲಿಕೆ ಮುರಿಯುವ ಜಾಗವೂ ಇದೆ. 1880ರಲ್ಲಿ ಡಾರ್ವಿನ್ ಮತ್ತು ಅವನ ಮಗ ಫ್ರಾನ್ಸಿಸ್ ಬರೆದಿದ್ದನ್ನು ಓದಿ, ನಾನೂ ಒಂದು ಬೇರಿನ ತುದಿಯನ್ನು ಬ್ಲೇಡಿನಿಂದ ಒಂದು ಮಿಲಿಮೀಟರ್ ಕತ್ತರಿಸಿ ಅಡ್ಡ ಮಲಗಿಸಿದೆ. ಕತ್ತರಿಸದ ಬೇರು ಮರುದಿನಕ್ಕೆ ಕೆಳಗೆ ಬಾಗಿತ್ತು. ಕತ್ತರಿಸಿದ್ದು ಉದ್ದವಾಗುತ್ತಿತ್ತು, ಆದರೆ ಕೆಳಗೆ ಯಾವುದು ಅಂತ ಗೊತ್ತಿಲ್ಲದಂತೆ ಅಡ್ಡಕ್ಕೇ ಹೋಗುತ್ತಿತ್ತು. ಕೆಳಗನ್ನು ಗುರುತಿಸುವ ಪಿಷ್ಟದ ಕಾಳುಗಳಿರುವುದು ತುದಿಯನ್ನು ಟೋಪಿಯಂತೆ ಮುಚ್ಚಿರುವ ಕೋಶಗಳಲ್ಲಿ. ಕೆಲವು ದಿನ ಬಿಟ್ಟು ಹೊಸ ತುದಿ ಬೆಳೆಯಿತು, ಬೇರು ಬಾಗಿತು. ನನ್ನ ತುದಿ ಹಾಗೆ ತಾನಾಗಿ ಚಿಗುರುವುದಿಲ್ಲ. ಕೆಲಸದ ನಡುವೆ ಹತ್ತು ದಿನ ಬಿಟ್ಟರೆ ಅಂಚಿನ ಪ್ರಶ್ನೆ ಓದಿದರೂ ಅದು ಯಾಕೆ ಮುಖ್ಯವಾಗಿತ್ತು ಅಂತ ನೆನಪಾಗುವುದಿಲ್ಲ. ಮರೆವಿನ ಬಗ್ಗೆ ಬರೆಯುತ್ತಿದ್ದವನಿಗೆ ತಕ್ಕ ಶಾಸ್ತಿ. ಈಗ ಪ್ರಶ್ನೆಯ ಕೆಳಗೆ ‘ಯಾಕೆಂದರೆ’ ಅಂತ ಇನ್ನೊಂದು ಸಾಲು ಬರೆಯುತ್ತೇನೆ.

ನೀವೂ ಪೆಟ್ಟಿಗೆ ಮಾಡುವುದಾದರೆ ಮಣ್ಣನ್ನು ಒತ್ತಿ ತುಂಬಬೇಡಿ, ನೀರು ಇಳಿಯಲು ಕೆಳಗೆ ಸಂದಿ ಬಿಡಿ. ನಾನು ಬಿಟ್ಟಿರಲಿಲ್ಲ. ಮೊದಲ ಮೂರು ಗಿಡಗಳು ಬೇರು ಕೊಳೆತು ಸತ್ತವು.