ಕಾಬೂಲ್‌ಗೆ ಹೊರಟಾಗ ನಾನು ಬ್ಯಾಗ್ ಕಟ್ಟಿದ್ದು ಹೀಗೆ

ನಾನು ಐಸಿಯು ನರ್ಸ್, ಊರು ತಿಪಟೂರು ಹತ್ರ, ಕೆಲಸ ಬೆಂಗಳೂರಲ್ಲಿ. 2017ರ ನವೆಂಬರ್‌ನಲ್ಲಿ ಆರು ತಿಂಗಳಿಗೆ ಅಂತ ಕಾಬೂಲ್‌ಗೆ ಹೋಗಿದ್ದೆ, ಅಲ್ಲಿನ ನರ್ಸ್ ಹುಡುಗೀರಿಗೆ ಎಳೆಕೂಸುಗಳ ಐಸಿಯು ಕೆಲಸ ಕಲಿಸೋಕೆ. ಅದೇ ವರ್ಷ ಮೇ 31ಕ್ಕೆ ಕಾಬೂಲಿನ ಜಂಬಕ್ ಚೌಕದಲ್ಲಿ ಟ್ರಕ್ ಬಾಂಬ್ ಸಿಡಿದು 150ಕ್ಕಿಂತ ಹೆಚ್ಚು ಜನ ಸತ್ತಿದ್ರು, ಅದನ್ನ ಮನೆಯವರೆಲ್ಲ ಟಿವಿಲಿ ನೋಡಿದ್ರು, ಹಂಗಾಗಿ ನಾನು ಹೋಗ್ತೀನಿ ಅಂದಾಗ ಅಮ್ಮ ಎರಡು ದಿನ ಮಾತೇ ಆಡ್ಲಿಲ್ಲ. ಈಗಲೂ ಇಂಥ ಜಾಗಗಳಿಗೆ ಕೆಲಸಕ್ಕೆ ಹೊರಟ ಹೆಣ್ಮಕ್ಕಳು ಏನೇನು ತಗೊಂಡು ಹೋಗ್ಬೇಕು ಅಕ್ಕ ಅಂತ ಕೇಳ್ತಾರೆ, ಅದಕ್ಕೆ ನಾನು ಮಾಡಿದ್ದನ್ನ ಬರೀತಿದೀನಿ.

ಎಲ್ಲರೂ ಮೊದಲು ಕೇಳೋದು ಬಟ್ಟೆ ಬಗ್ಗೆ. ನಮ್ಮ ಸಲ್ವಾರ್ ಕಮೀಜೇ ಸಾಕು, ಆದ್ರೆ ಬೆಂಗಳೂರಲ್ಲಿ ಹಾಕೋ ಟೈಪ್ ಅಲ್ಲ. ನಮ್ಮ ಬೀದಿ ಟೈಲರ್ ಹತ್ರ ಐದು ಹೊಲಿಸ್ದೆ, ಮಂಡಿಯಿಂದ ನಾಲ್ಕು ಬೆರಳು ಕೆಳಗೆ ಬರೋ ಹಾಗೆ, ಮಣಿಕಟ್ಟಿನವರೆಗೂ ತೋಳು, ಸೈಡ್ ಕಟ್ ಚಿಕ್ಕದು, ಒಳಗಡೆ ಜಿಪ್ ಇರೋ ಜೇಬು, ಬಣ್ಣ ಎಲ್ಲ ಬೂದಿ, ಕಂದು, ಕಡುನೀಲಿ. ಮಿಲಿಟರಿ ಹಸಿರು ಬೇಡವೇ ಬೇಡ. ತಲೆಗೆ ಹಾಕೋ ಸ್ಕಾರ್ಫ್ ಕಾಟನ್ನೇ ಆಗ್ಬೇಕು, ಸಿಲ್ಕ್ ಆದ್ರೆ ಜಾರುತ್ತೆ, ಮಗು ಬಾಯಿಗೆ ಟ್ಯೂಬ್ ಹಾಕ್ತಾ ಇರೋವಾಗ ಸ್ಕಾರ್ಫ್ ಸರಿ ಮಾಡ್ಕೊಳ್ಳೋಕೆ ಕೈ ಎಲ್ಲಿರುತ್ತೆ ಹೇಳಿ. ಹೋಗೋಕೆ ಮುಂಚೆ ಒಂದು ವಾರ ಮನೇಲಿ ಅದನ್ನ ಕಟ್ಕೊಂಡೇ ಅಡಿಗೆ ಮಾಡಿದೆ, ನೆಲ ಒರೆಸಿದೆ. ಅಲ್ಲಿ ಹೋಗಿ ಅಭ್ಯಾಸ ಮಾಡ್ಕೋತೀನಿ ಅಂದ್ರೆ ಆಗಲ್ಲ, ಹೊಸಬಳು ಅಂತ ದೂರದಿಂದಲೇ ಗೊತ್ತಾಗ್ಬಿಡುತ್ತೆ.

ಒಡವೆ ಎಲ್ಲ ಬ್ಯಾಂಕ್ ಲಾಕರ್‌ಗೆ ಹೋಯ್ತು. ಮಾಂಗಲ್ಯದ ಸರದ ವಿಷಯ ಬಂದಾಗ ಮಾತ್ರ ಅತ್ತೆ ತುಂಬಾ ನೊಂದ್ಕೊಂಡ್ರು. ಚಿನ್ನದ ಸರ ಹಾಕ್ಕೊಂಡು ಹೋಗೋದು ಸರಿಯಲ್ಲ ಅತ್ತೆ ಅಂತ ನಾನು, ಬರಿ ಕತ್ತಲ್ಲಿ ಹೋಗ್ಬೇಡಮ್ಮ ಅಂತ ಅವರು. ಕೊನೆಗೆ ಅವರೇ ಅರಿಶಿನ ದಾರಕ್ಕೆ ತಾಳಿ ಪೋಣಿಸಿ ಕೊಟ್ರು, ಆರು ತಿಂಗಳೂ ಅದು ಥರ್ಮಲ್ ಬನಿಯನ್ ಒಳಗೇ ಇತ್ತು. ಬೊಟ್ಟು ಗೆಸ್ಟ್‌ಹೌಸ್ ರೂಮಲ್ಲಿ ಮಾತ್ರ ಇಡ್ತಿದ್ದೆ.

ಚಳಿ ವಿಷಯದಲ್ಲಿ ತಪ್ಪು ಮಾಡಿದೆ. ಕಾಬೂಲ್ ಸುಮಾರು 1800 ಮೀಟರ್ ಎತ್ತರದಲ್ಲಿದೆ, ಡಿಸೆಂಬರ್ ಜನವರಿಲಿ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುತ್ತೆ, ಹಿಮ ಬೀಳುತ್ತೆ. ನಾನು ಒಂದೇ ಜೊತೆ ಥರ್ಮಲ್ ತಗೊಂಡೋಗಿದ್ದೆ, ಎರಡನೇದು ಅಲ್ಲೇ ಕೊಂಡ್ಕೋಬೇಕಾಯ್ತು. ಊರಿಂದ ತಂದ ಕೊಬ್ಬರಿ ಎಣ್ಣೆ ಬಾಟಲಿ ಇಡೀ ಗಟ್ಟಿಯಾಗಿ ಒಂದು ಹನಿ ಬರ್ತಿರ್ಲಿಲ್ಲ, ಅಗಲ ಬಾಯಿನ ಡಬ್ಬಿಲಿ ತಗೊಂಡೋಗಿ. ಆದ್ರೆ ಒಂದು ವಸ್ತು ಮಾತ್ರ ಮರೀದೆ ಒಯ್ದಿದ್ದೆ, ಬ್ಯಾಟರಿಲಿ ನಡೆಯೋ ಕಾರ್ಬನ್ ಮೊನಾಕ್ಸೈಡ್ ಅಲಾರಂ. ಅಲ್ಲಿ ರೂಮ್ ಬೆಚ್ಚಗಿಡೋಕೆ ಬುಖಾರಿ ಅಂತ ಕಬ್ಬಿಣದ ಒಲೆ, ಕಟ್ಟಿಗೆನೋ ಕಲ್ಲಿದ್ದಲೋ ಹಾಕಿ ಉರಿಸ್ತಾರೆ, ಅದರ ಕೊಳವೆ ಕಟ್ಟಿಕೊಂಡ್ರೆ ಬರೋ ಗ್ಯಾಸಿಗೆ ವಾಸನೆನೂ ಇಲ್ಲ ಬಣ್ಣನೂ ಇಲ್ಲ, ಮಲಗಿದವರು ಮಲಗಿದ ಹಾಗೇ ಹೋಗ್ತಾರೆ. ಜನ ಬಾಂಬ್ ಬಗ್ಗೆ ಯೋಚ್ನೆ ಮಾಡ್ತಾರೆ, ಒಲೆ ಬಗ್ಗೆ ಮಾಡಲ್ಲ. ಜನವರಿಲಿ ಒಂದು ರಾತ್ರಿ ಎರಡು ಗಂಟೆಗೆ ಅದು ಕಿರುಚಿಕೊಳ್ತು, ನಾನೂ ರೂಮ್‌ಮೇಟೂ ಬಾಗಿಲು ಕಿಟಕಿ ತೆಗೆದು ಬೆಳಗಿನವರೆಗೆ ರಜಾಯಿ ಸುತ್ಕೊಂಡು ಹಜಾರದಲ್ಲಿ ಕೂತಿದ್ವಿ. ಇನ್ನು ಚಳಿಗಾಲದಲ್ಲಿ ಹೊರಗಡೆ ಕವಿಯೋ ಹೊಗೆಗೆ ಎನ್95 ಮಾಸ್ಕ್ ಒಂದು ಬಾಕ್ಸ್ ಬೇಕೇ ಬೇಕು.

ಪೇಪರ್ ಕೆಲಸ ಆರು ವಾರ ಮುಂಚೆಯೇ ಶುರು ಮಾಡಿ. ಅಲ್ಲಿ ಇನ್ನೂ ಪೋಲಿಯೋ ಇದೆ, ಹಾಗಾಗಿ ದೊಡ್ಡವರೂ ಹನಿ ಹಾಕಿಸ್ಕೊಂಡು ಸರ್ಟಿಫಿಕೇಟ್ ಇಟ್ಕೋಬೇಕು, ಹೊರಡೋಕೆ ಕನಿಷ್ಠ ನಾಲ್ಕು ವಾರ ಮುಂಚೆ. ಇನ್ಶೂರೆನ್ಸ್‌ನಲ್ಲಿ ನಾನು ಮೋಸ ಹೋಗೋದ್ರಲ್ಲಿದ್ದೆ, ಏಜೆಂಟ್ ಒಬ್ರು ಎಲ್ಲ ಕವರ್ ಆಗುತ್ತೆ ಮೇಡಂ ಅಂತ ಮಾಮೂಲಿ ಟ್ರಾವೆಲ್ ಪಾಲಿಸಿ ಕೊಟ್ರು, ರಾತ್ರಿ ಕೂತು ಸಣ್ಣ ಅಕ್ಷರ ಓದಿದ್ರೆ ಯುದ್ಧ, ಭಯೋತ್ಪಾದನೆ ಎರಡೂ ಹೊರಗೆ. ಮಾರನೇ ದಿನವೇ ವಾಪಸ್ ಮಾಡಿ, ಕೆಲಸ ಕೊಟ್ಟ ಸಂಸ್ಥೆಯಿಂದಲೇ ವಾರ್ ರಿಸ್ಕ್ ಕವರ್ ಲಿಖಿತವಾಗಿ ತಗೊಂಡೆ. ಪಿಎಫ್, ಬ್ಯಾಂಕು ಎಲ್ಲದರ ನಾಮಿನಿ ಸರಿ ಇದೆಯಾ ನೋಡ್ದೆ.

ಇನ್ನೊಂದು ಫಾರಂ ಇತ್ತು, ಯಾರಾದ್ರೂ ನಮ್ಮನ್ನ ಹೊತ್ತೊಯ್ದ್ರೆ ಬದುಕಿದೀವಾ ಅಂತ ಖಾತ್ರಿ ಮಾಡ್ಕೊಳ್ಳೋಕೆ ಕೇಳೋ ಪ್ರಶ್ನೆಗಳು, ಉತ್ತರ ನಮಗೆ, ಮನೆಯವರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಬಾರ್ದು, ಫೇಸ್‌ಬುಕ್‌ನಲ್ಲಂತೂ ಸಿಗಲೇಬಾರ್ದು. ನಾನು ಬರೆದಿದ್ದು ಅಜ್ಜಿ ಮನೆಯ ಹಸುವಿನ ಹೆಸರು. ಅದನ್ನ ಬರೆದು ಕವರ್ ಅಂಟಿಸೋವಾಗ ಮಾತ್ರ ಅತ್ತಿದ್ದು, ಏರ್‌ಪೋರ್ಟಲ್ಲಿ ಅಳ್ಲಿಲ್ಲ.

ಅಡಿಗೆ ಸಾಮಾನು ಜಾಸ್ತಿ ಬೇಡ. ಅಕ್ಕಿ, ಬೇಳೆ, ತರಕಾರಿ ಎಲ್ಲ ಸಿಗುತ್ತೆ, ಹುಣಸೆಹಣ್ಣು, ಸಾರಿನ ಪುಡಿ, ಚಟ್ನಿಪುಡಿ ಇಷ್ಟು ಸಾಕು. ಇಂಗು ಕೂಡ ಬೇಕಿಲ್ಲ, ನಮ್ಮ ಮನೆ ಸಾರಿಗೆ ಹಾಕೋ ಇಂಗಿನ ಹಾಲು ಬರೋದೇ ಅಲ್ಲಿಂದ. ಗಸಗಸೆ ಮಾತ್ರ ಒಂದು ಚಮಚನೂ ಬೇಡ, ನಾನು ಹೋಗಿದ್ದು ಡೆಲ್ಲಿಯಿಂದ ನೇರ ವಿಮಾನದಲ್ಲಿ, ಆದ್ರೆ ಗಲಾಟೆಯಾದ್ರೆ ದುಬೈ ಮೇಲೆ ಕಳಿಸಬಹುದು, ದುಬೈನಲ್ಲಿ ಗಸಗಸೆ ಸಿಕ್ರೆ ಜೈಲು. ಮಾತ್ರೆಗಳೂ ಅಷ್ಟೇ, ಸ್ಟ್ರಿಪ್ ಬಿಡಿಸ್ಬೇಡಿ, ಡಾಕ್ಟರ್ ಚೀಟಿ ಜೊತೆಗಿರಲಿ. ಪ್ಯಾಡ್ ಪೂರ್ತಿ ಅವಧಿಗೆ ಆಗೋಷ್ಟು ತಗೊಂಡೋಗಿ, ಅಂಗಡಿಲಿ ಸಿಗುತ್ತೆ, ಆದ್ರೆ ಬೇಕಾದಾಗೆಲ್ಲ ಅಂಗಡಿಗೆ ಹೋಗೋಕೆ ನಮ್ಮನ್ನ ಬಿಡಲ್ಲ.

ಇದೆಲ್ಲದಕ್ಕಿಂತ ಮುಖ್ಯ ಚಿಕ್ಕ ಬ್ಯಾಗು. ದೊಡ್ಡ ಸೂಟ್‌ಕೇಸ್ ಯಾವತ್ತು ಬೇಕಾದ್ರೂ ಬಿಟ್ಟು ಓಡ್ಬೇಕಾಗುತ್ತೆ ಅಂತಲೇ ಕಟ್ಟಿದ್ದೆ, ಅದರಲ್ಲಿ ಕಳೆದ್ರೆ ಅಳೋ ಅಂಥ ವಸ್ತು ಒಂದೂ ಇರ್ಲಿಲ್ಲ. ಚಿಕ್ಕ ಬ್ಯಾಗಲ್ಲಿ ಪಾಸ್‌ಪೋರ್ಟ್, ಫೋಟೋಗಳು, ಮಡಿಕೆ ಇಲ್ಲದ ಡಾಲರ್ ನೋಟು, ಹದಿನೈದು ದಿನದ ಮಾತ್ರೆ, ಟಾರ್ಚ್, ಪವರ್‌ಬ್ಯಾಂಕ್, ನೀರು, ಒಂದು ಸ್ಕಾರ್ಫ್. ಅದು ಮಂಚದ ಪಕ್ಕ, ಅದರ ಮೇಲೆ ಶೂ. ಗಾಜು ಒಡೆದಾಗ ಬರಿಗಾಲಲ್ಲಿ ಇಳಿಯೋಕಾಗಲ್ಲ. ಹೋದ ದಿನವೇ ಮಂಚವನ್ನ ಕಿಟಕಿಯಿಂದ ಈಚೆಗೆ ಎಳೆದು ದಪ್ಪ ಪರದೆ ಹಾಕಿಸ್ದೆ.

ಮನೆಗೆ ಮಾಡಿದ ಏರ್ಪಾಡು ಅಂದ್ರೆ ದಿನಾ ಅಲ್ಲಿನ ಎಂಟು ಗಂಟೆಗೆ, ನಮ್ಮ ಒಂಬತ್ತಕ್ಕೆ, ಅಮ್ಮನಿಗೆ ಊಟ ಆಯ್ತು ಅಂತ ಒಂದು ಮೆಸೇಜು. ಏನಾದ್ರೂ ಆದ್ರೆ ನೆಟ್‌ವರ್ಕ್ ಜಾಮ್ ಆಗುತ್ತೆ, ಆಗ ನಮ್ಮೆಜಮಾನ್ರಿಗೆ ಮಾತ್ರ ಒಂದು ಎಸ್‌ಎಂಎಸ್, ಬೇರೆಯವರೆಲ್ಲ ಅವರನ್ನೇ ಕೇಳ್ಬೇಕು, ನನಗೆ ಫೋನ್ ಮಾಡ್ಬಾರ್ದು. ಜನವರಿ 27ಕ್ಕೆ ಆಂಬುಲೆನ್ಸ್‌ನಲ್ಲಿ ಬಾಂಬ್ ತಂದು ಸಿಡಿಸಿದ್ರು, ನೂರಕ್ಕೂ ಹೆಚ್ಚು ಜನ ಹೋದ್ರು. ಆವತ್ತು ಅಮ್ಮನಿಗೆ ಟಿವಿ ಹಾಕೋಕೆ ಮುಂಚೆಯೇ ನಾನು ಚೆನ್ನಾಗಿದೀನಿ ಅಂತ ಸುದ್ದಿ ಮುಟ್ಟಿತ್ತು.

ಈಗ ಅಲ್ಲಿ ಎಲ್ಲ ಬದಲಾಗಿದೆ. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಬಂದ್ಮೇಲೆ ದೂರದ ಪ್ರಯಾಣಕ್ಕೆ ಹೆಂಗಸರ ಜೊತೆ ಹತ್ತಿರದ ಸಂಬಂಧದ ಗಂಡಸು ಇರಲೇಬೇಕು ಅಂತ ಮಾಡಿದಾರೆ, ಹಾಗಾಗಿ ನನ್ನ ಲೆಕ್ಕಾಚಾರ ನಂಬಿ ಟಿಕೆಟ್ ಮಾಡ್ಬೇಡಿ, ಹೊರಡೋ ವಾರದ ನಿಯಮ ಕೇಳ್ಕೊಂಡು ಹೋಗಿ. ವಾಪಸ್ ಬರೋವಾಗ ಆ ಅಲಾರಂ, ಎರಡೂ ಜೊತೆ ಥರ್ಮಲ್, ಉಳಿದ ಮಾಸ್ಕ್ ಎಲ್ಲ ನನ್ನ ಹತ್ರ ಕಲಿತ ಒಬ್ಬಳು ಹುಡುಗಿಗೆ ಕೊಟ್ಟು ಬಂದೆ. ಅವಳು ಇವತ್ತಿಗೂ ವಾರ್ಡಲ್ಲಿ ನೈಟ್ ಡ್ಯೂಟಿ ಮಾಡ್ತಾಳೆ, ಆಗಾಗ ಮೆಸೇಜ್ ಬರುತ್ತೆ. 2024ರ ಡಿಸೆಂಬರ್‌ನಲ್ಲಿ ಹೆಣ್ಮಕ್ಕಳ ನರ್ಸಿಂಗ್, ಮಿಡ್‌ವೈಫರಿ ಕ್ಲಾಸುಗಳನ್ನ ಮುಚ್ಚಿಸಿದಾಗ ಅವಳ ತಂಗಿಗೆ ಕೋರ್ಸ್ ಮುಗಿಯೋಕೆ ಇನ್ನು ಆರೇ ತಿಂಗಳಿತ್ತು.