ಸಣ್ಣ ವಿಮಾನದ ಲ್ಯಾಂಡಿಂಗ್‌ನಲ್ಲಿ ಅವಸರದ ತಪ್ಪುಗಳನ್ನು ತಡೆಯುವ ಬಗೆ

ಸಣ್ಣ ವಿಮಾನವೊಂದು ರನ್‌ವೇ ದಾಟಿ ಹುಲ್ಲಿಗೆ ನುಗ್ಗಿದಾಗ, ಅಥವಾ ಮೂಗಿನ ಚಕ್ರ ಮುರಿದುಕೊಂಡು ನಿಂತಾಗ, ತಪ್ಪು ನಡೆದದ್ದು ನೆಲ ಮುಟ್ಟಿದ ಗಳಿಗೆಯಲ್ಲಿ ಎಂದು ನೋಡುವವರಿಗೆ ತೋರುತ್ತದೆ. ವಾಸ್ತವದಲ್ಲಿ ಅದರ ಬೇರು ಬಹಳ ಸಲ ಕೆಲವು ನಿಮಿಷ ಹಿಂದೆ, ಪೈಲಟ್ ಇನ್ನೂ ಸಿದ್ಧನಾಗದೆ ಡೌನ್‌ವಿಂಡ್‌ಗೆ (ರನ್‌ವೇಗೆ ಸಮಾನಾಂತರವಾಗಿ, ಇಳಿಯುವ ದಿಕ್ಕಿಗೆ ವಿರುದ್ಧವಾಗಿ ಹಾರುವ ಹಂತಕ್ಕೆ) ಬಂದು ಸೇರಿದಾಗಲೇ ಇರುತ್ತದೆ. ಅಲ್ಲಿ ಉಳಿದುಹೋದ ಕೆಲಸವನ್ನು ಫೈನಲ್‌ನಲ್ಲಿ (ರನ್‌ವೇಯ ನೇರಕ್ಕೆ ಇಳಿದುಬರುವ ಕೊನೆಯ ಹಂತದಲ್ಲಿ) ಮುಗಿಸಲು ಹೊರಟವನಿಗೆ ವೇಗ, ಎತ್ತರ, ದಿಕ್ಕು ಮೂರನ್ನೂ ಒಟ್ಟಿಗೆ ಸರಿಪಡಿಸಬೇಕಾಗುತ್ತದೆ, ಮತ್ತು ಅಷ್ಟು ಸಮಯ ಅಲ್ಲಿರುವುದಿಲ್ಲ. ಆದ್ದರಿಂದ ಅವಸರವನ್ನು ಎಲ್ಲೆಲ್ಲಿ ಮುರಿಯಬಹುದು ಎಂಬುದನ್ನು ಹಾರಾಟದ ಕ್ರಮದಲ್ಲಿಯೇ ಇಲ್ಲಿ ವಿವರಿಸಿದ್ದೇನೆ. ಉದಾಹರಣೆಯ ಅಂಕಿಗಳು ಹೆಚ್ಚಾಗಿ ಸೆಸ್ನಾ 172ಎಸ್ ವಿಮಾನದವು; ನಿಮ್ಮ ವಿಮಾನಕ್ಕೆ ಅದರ ಕೈಪಿಡಿ ಹೇಳುವುದೇ ಅಂತಿಮ.

ನಿಲ್ದಾಣ ಇನ್ನೂ ಹತ್ತು ನಾಟಿಕಲ್ ಮೈಲಿ ದೂರವಿರುವಾಗಲೇ ಹವಾಮಾನದ ವರದಿ ಕೇಳಿ, ಯಾವ ರನ್‌ವೇ, ಗಾಳಿ ಎತ್ತಣದ್ದು, ಸುತ್ತನ್ನು (ಇಳಿಯುವ ಮೊದಲು ರನ್‌ವೇ ಬಳಿ ಹಾರುವ ಆಯತಾಕಾರದ ಹಾದಿಯನ್ನು) ಯಾವ ಕಡೆಯಿಂದ ಸೇರಬೇಕು ಎಂಬುದನ್ನು ಬರೆದಿಟ್ಟುಕೊಳ್ಳಿ, ಮತ್ತು ಸುತ್ತನ್ನು ಸೇರುವ ಮೊದಲೇ ವೇಗ ಇಳಿಸಿ. ಕತ್ತಲಾಗುತ್ತಿದೆ, ಇಂಧನ ಕಡಿಮೆಯಿದೆ, ಜೊತೆಯಲ್ಲಿರುವವರು ಕಾಯುತ್ತಿದ್ದಾರೆ ಎಂಬ ಒತ್ತಡಗಳು ಒಳಗಿನಿಂದ ಬಂದರೆ, ‘ವೇಗ ಕಾಯ್ದುಕೊಳ್ಳಿ, ಹಿಂದೆ ಜೆಟ್ ಬರುತ್ತಿದೆ’ ಎಂಬ ಟವರ್‌ನ ಮಾತು ಹೊರಗಿನಿಂದ ಬರುತ್ತದೆ. ಈ ಎರಡನೆಯದಕ್ಕೆ ಹೊಸ ಪೈಲಟ್‌ಗಳು ಬೇಗ ಮಣಿಯುತ್ತಾರೆ. ಕಂಟ್ರೋಲರ್ ಕೇಳಿದ್ದನ್ನು ಸುರಕ್ಷಿತವಾಗಿ ಮಾಡಲಾಗದಿದ್ದರೆ ‘ಅನೇಬಲ್’ (ಆಗುವುದಿಲ್ಲ) ಎಂದು ಸ್ಪಷ್ಟವಾಗಿ ಹೇಳಿ, ಡೌನ್‌ವಿಂಡ್ ಉದ್ದಗೊಳಿಸಲು ಅಥವಾ ಅಲ್ಲಿಯೇ ಒಂದು ಪೂರ್ಣ ವೃತ್ತ ತಿರುಗಲು ಅನುಮತಿ ಕೇಳಿ. ವಿಮಾನದ ಬಗೆಗಿನ ಕೊನೆಯ ತೀರ್ಮಾನ ಪೈಲಟ್‌ನದೇ ಎಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಅನುಬಂಧ 2 ಹೇಳುತ್ತದೆ. ಟವರ್‌ಗೆ ಉಪಕಾರ ಮಾಡಲು ಹೋಗಿ ಆ ಅಧಿಕಾರವನ್ನು ಬಿಟ್ಟುಕೊಡಬಾರದು.

ಡೌನ್‌ವಿಂಡ್‌ನಲ್ಲಿ ಚೆಕ್‌ಲಿಸ್ಟನ್ನು ಬಾಯಿಬಿಟ್ಟು ಓದಿ ಮುಗಿಸಿ. ಚಕ್ರ ಮಡಚುವ ವಿಮಾನವಾದರೆ ಚಕ್ರ ಇಳಿದಿರುವುದನ್ನು ಬೇಸ್‌ನಲ್ಲಿಯೂ (ಡೌನ್‌ವಿಂಡ್ ಮತ್ತು ಫೈನಲ್ ನಡುವಿನ ಅಡ್ಡ ಹಂತ) ಫೈನಲ್‌ನಲ್ಲಿಯೂ ಮತ್ತೆ ನೋಡಿ. ಅವಸರದಲ್ಲಿ ಮೊದಲು ಮರೆತುಹೋಗುವುದು ಅದೇ. ಫ್ಲಾಪ್‌ಗಳಿಗೂ (ನಿಧಾನವಾಗಿ ಹಾರಲು ರೆಕ್ಕೆಯ ಹಿಂಬದಿಯಲ್ಲಿ ಇಳಿಸುವ ಹಲಗೆಗಳಿಗೂ) ವೇಗದ ಮಿತಿಯಿದೆ: 172ಎಸ್‌ನಲ್ಲಿ ಹತ್ತು ಡಿಗ್ರಿಗೆ 110 ನಾಟ್, ಅದಕ್ಕಿಂತ ಹೆಚ್ಚಿಗೆ 85 ನಾಟ್.

ಪ್ರಾಣಕ್ಕೆ ಎರವಾಗುವ ತಪ್ಪು ಹೆಚ್ಚಾಗಿ ಹೊಂಚುಹಾಕಿರುವುದು ಬೇಸ್‌ನಿಂದ ಫೈನಲ್‌ಗೆ ತಿರುಗುವ ಜಾಗದಲ್ಲಿ. ಹಿಂದಿನಿಂದ ಗಾಳಿ ತಳ್ಳಿ ವಿಮಾನ ರನ್‌ವೇಯ ನೇರವನ್ನು ದಾಟಿಹೋಗುತ್ತದೆ. ಅವಸರದಲ್ಲಿರುವ ಪೈಲಟ್ ಅದನ್ನು ಹೇಗಾದರೂ ಎಳೆದು ತರಲು ರೆಕ್ಕೆಯನ್ನು ಇನ್ನಷ್ಟು ಬಾಗಿಸುತ್ತಾನೆ. ಬಾಗಿಸಲು ಹೆದರಿದರೆ ತಿರುವಿನ ಒಳಬದಿಯ ರಡ್ಡರ್ ಪೆಡಲನ್ನು ಒತ್ತಿ ಮೂಗನ್ನು ತಿರುಗಿಸುತ್ತಾನೆ. ಮೂಗು ಕೆಳಗಿಳಿಯತೊಡಗಿದಾಗ ಯೋಕನ್ನು (ಚಾಲನೆಯ ಹಿಡಿಕೆಯನ್ನು) ಹಿಂದಕ್ಕೆ ಎಳೆಯುತ್ತಾನೆ. ಎತ್ತರ ಕಾಯ್ದುಕೊಂಡು ತಿರುಗುವಾಗ ಸ್ಟಾಲ್ ವೇಗ (ಇದಕ್ಕಿಂತ ಕಡಿಮೆಯಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದು) 30 ಡಿಗ್ರಿ ಬಾಗಿನಲ್ಲಿ ಶೇಕಡ 7ರಷ್ಟು, 45 ಡಿಗ್ರಿಯಲ್ಲಿ ಶೇಕಡ 19ರಷ್ಟು, 60 ಡಿಗ್ರಿಯಲ್ಲಿ ಶೇಕಡ 41ರಷ್ಟು ಏರುತ್ತದೆ. ಅದರ ಮೇಲೆ ರಡ್ಡರ್‌ನ ಜಾರುವಿಕೆ ಸೇರಿದರೆ ಒಳಗಿನ ರೆಕ್ಕೆ ಮೊದಲು ಸ್ಟಾಲ್ ಆಗಿ ವಿಮಾನ ಸ್ಪಿನ್‌ಗೆ, ಅಂದರೆ ಗಿರಗಿರ ತಿರುಗುತ್ತ ಕೆಳಗೆ, ಬೀಳುತ್ತದೆ. ನೆಲದಿಂದ ಐನೂರು ಅಡಿ ಎತ್ತರದಲ್ಲಿ ಅದರಿಂದ ಹೊರಬರಲು ಜಾಗ ಸಾಲದು. ಸುತ್ತಿನಲ್ಲಿ 30 ಡಿಗ್ರಿಗಿಂತ ಹೆಚ್ಚು ಬಾಗಿಸುವುದಿಲ್ಲ ಎಂದು ಗಟ್ಟಿ ಮಾಡಿಕೊಳ್ಳಿ. ಅಷ್ಟರಲ್ಲಿ ನೇರ ಸಿಗದಿದ್ದರೆ ಆ ಪ್ರಯತ್ನ ಅಲ್ಲಿಗೇ ಮುಗಿಯಿತೆಂದು ತಿಳಿದು ಗೋ-ಅರೌಂಡ್ ಮಾಡಿ, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ.

ಫೈನಲ್‌ನಲ್ಲಿ ನೆಲದಿಂದ 500 ಅಡಿಯನ್ನು ಒಂದು ಬಾಗಿಲೆಂದು ಇಟ್ಟುಕೊಳ್ಳಿ. ಅಲ್ಲಿಗೆ ಬರುವಷ್ಟರಲ್ಲಿ ವಿಮಾನ ರನ್‌ವೇಯ ನೇರದಲ್ಲಿರಬೇಕು, ಫ್ಲಾಪ್ ಇಳಿದಿರಬೇಕು, ಚೆಕ್‌ಲಿಸ್ಟ್ ಮುಗಿದಿರಬೇಕು, ವೇಗ ಗುರಿಯ ಹತ್ತಿರ ನಿಂತಿರಬೇಕು. 3 ಡಿಗ್ರಿ ಇಳಿಜಾರಿಗೆ ಬೇಕಾದ ಇಳಿತದ ದರ ತಿಳಿಯಲು, ನೆಲದ ಮೇಲಿನ ವೇಗವನ್ನು ನಾಟ್‌ಗಳಲ್ಲಿ ತೆಗೆದುಕೊಂಡು ಐದರಿಂದ ಗುಣಿಸಿ: 65 ನಾಟ್‌ಗೆ ನಿಮಿಷಕ್ಕೆ ಸುಮಾರು 325 ಅಡಿ. ಮಾಪಕ 900 ತೋರಿಸುತ್ತಿದ್ದರೆ ನೀವು ರನ್‌ವೇಯತ್ತ ಧುಮುಕುತ್ತಿದ್ದೀರಿ, ಮತ್ತು ಆ ಧುಮುಕಿನಿಂದ ವಿಮಾನದ ವೇಗ ಏರುತ್ತದೆ. ವೇಗ ಶೇಕಡ 10ರಷ್ಟು ಹೆಚ್ಚಾದರೆ ಚಲನಶಕ್ತಿ ಶೇಕಡ 21ರಷ್ಟು ಹೆಚ್ಚುತ್ತದೆ. ಅಷ್ಟನ್ನೂ ಬ್ರೇಕ್ ಮತ್ತು ರನ್‌ವೇ ಸೇರಿ ನುಂಗಬೇಕು. ಬೆನ್ನಗಾಳಿ ಇದ್ದರೆ 172ಎಸ್ ಕೈಪಿಡಿಯ ಪ್ರಕಾರ ಪ್ರತಿ 2 ನಾಟ್‌ಗೆ ಇಳಿಯುವ ದೂರ ಶೇಕಡ 10ರಷ್ಟು ಬೆಳೆಯುತ್ತದೆ. ಹೆಚ್ಚು ವೇಗದ ವಿಮಾನ ರನ್‌ವೇ ಮೇಲೆ ತೇಲುತ್ತಲೇ ಹೋಗುವಾಗ ಅದನ್ನು ಒತ್ತಿ ಕೂರಿಸಲು ಎಂದಿಗೂ ಹೋಗಬೇಡಿ. ಮೂಗಿನ ಚಕ್ರ ಮೊದಲು ತಾಗಿ ವಿಮಾನ ಪುಟಿಯುತ್ತದೆ, ಪೈಲಟ್ ಮತ್ತೆ ಒತ್ತುತ್ತಾನೆ, ಎರಡನೆಯ ಮೂರನೆಯ ಪುಟಿತದಲ್ಲಿ ಪ್ರೊಪೆಲರ್ ನೆಲಕ್ಕೆ ಬಡಿಯುತ್ತದೆ. ರನ್‌ವೇಯ ಮೊದಲ ಮೂರನೆಯ ಒಂದು ಭಾಗದಲ್ಲಿ ಚಕ್ರ ತಾಗದಿದ್ದರೆ ಮೇಲೇರಿ.

ಗೋ-ಅರೌಂಡ್ ಕೂಡ ಅವಸರದಲ್ಲಿ ಕೆಡುವ ಕೆಲಸವೇ. ಥ್ರಾಟಲನ್ನು ಪೂರ್ತಿ ಕೊಡಿ, ಕಾರ್ಬ್ಯುರೇಟರ್ ಎಂಜಿನ್ ಆದರೆ ಕಾರ್ಬ್ ಹೀಟ್ (ಕಾರ್ಬ್ಯುರೇಟರ್‌ಗೆ ಬಿಸಿಗಾಳಿ ಕೊಡುವ ವ್ಯವಸ್ಥೆ) ಆಫ್ ಮಾಡಿ, ಬಲ ರಡ್ಡರ್ ಒತ್ತಿ ಮೂಗನ್ನು ನೇರವಾಗಿಡಿ. ಇಳಿಯಲೆಂದು ಹೊಂದಿಸಿದ ಟ್ರಿಮ್ (ಯೋಕನ್ನು ಹಿಡಿದಿಡುವ ಶ್ರಮ ತಗ್ಗಿಸುವ ಹೊಂದಿಕೆ) ಪೂರ್ಣ ಶಕ್ತಿಯಲ್ಲಿ ಮೂಗನ್ನು ಬಲವಾಗಿ ಮೇಲೆತ್ತುತ್ತದೆ. ಅದನ್ನು ಕೈಯಿಂದ ತಡೆದು ಹಿಡಿದು ಆಮೇಲೆ ಟ್ರಿಮ್ ಬದಲಿಸಿ. ಫ್ಲಾಪನ್ನು 172ಎಸ್‌ನಲ್ಲಿ ಮೊದಲು 20 ಡಿಗ್ರಿಗೆ ತಂದು, ವೇಗವೂ ಎತ್ತರವೂ ಸಿಕ್ಕ ಹಾಗೆ ಉಳಿದದ್ದನ್ನು ಹಂತಹಂತವಾಗಿ ಮಡಚಿ. ರೇಡಿಯೊ ಮಾತು ಇದೆಲ್ಲ ಆದ ಮೇಲೆ. 2016ರ ಜೂನ್‌ನಲ್ಲಿ ಅಮೆರಿಕದ ಹ್ಯೂಸ್ಟನ್‌ನ ಹಾಬಿ ನಿಲ್ದಾಣದಲ್ಲಿ, ವೇಗದ ವಿಮಾನಗಳ ನಡುವೆ ಮತ್ತೆ ಮತ್ತೆ ಇಳಿಯಲು ಯತ್ನಿಸಿದ ಸಿರ್ರಸ್ ಎಸ್‌ಆರ್20 ಗೋ-ಅರೌಂಡ್‌ನಲ್ಲಿ ಸ್ಟಾಲ್ ಆಗಿ ಬಿದ್ದು ಮೂವರೂ ಸತ್ತರು. ಸಾಕಷ್ಟು ವೇಗ ಬರುವ ಮೊದಲೇ ಫ್ಲಾಪ್ ಮಡಚಿದ್ದನ್ನು ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಕಾರಣವಾಗಿ ಗುರುತಿಸಿತು. ನನ್ನ ದೃಷ್ಟಿಯಲ್ಲಿ ಈ ಒಂದು ಅಪಘಾತವನ್ನು ಪ್ರತಿಯೊಬ್ಬ ಕಲಿಯುವವನೂ ಓದಿ ತಿಳಿಯಲೇಬೇಕು.

ಆದ್ದರಿಂದ ಗೋ-ಅರೌಂಡನ್ನು ತರಬೇತುದಾರರ ಜೊತೆ 500 ಅಡಿಯಿಂದಷ್ಟೇ ಅಲ್ಲ, ರನ್‌ವೇಯ ಮೇಲಿನ ಕೊನೆಯ ಕೆಲವು ಅಡಿಗಳಿಂದಲೂ, ಒಂದು ಸಣ್ಣ ಪುಟಿತದ ನಂತರವೂ ಅಭ್ಯಾಸ ಮಾಡಿ. ಮೇಲೇರಿದ ಬಳಿಕ ಎರಡನೆಯ ಸುತ್ತನ್ನು ಮೊದಲಿನದಕ್ಕಿಂತ ಚಿಕ್ಕದಾಗಿಸದೆ ದೊಡ್ಡದಾಗಿಯೇ ಹಾಕಿ. ಎರಡನೆಯದೂ ಕೂಡಿಬರದಿದ್ದರೆ ಸುತ್ತಿನಿಂದ ಹೊರಬಂದು ಎತ್ತರದಲ್ಲಿ ಕೆಲವು ನಿಮಿಷ ನೇರವಾಗಿ ಹಾರಿ, ಉದ್ದದ ರನ್‌ವೇಯೋ ಎದುರುಗಾಳಿಯೋ ಇರುವ ಬೇರೆ ನಿಲ್ದಾಣಕ್ಕೆ ಹೋಗುವುದನ್ನು ಯೋಚಿಸಿ. ಅಮೆರಿಕದ ನಿಯಮ ಹಗಲಿನ ದೃಶ್ಯ ಹಾರಾಟಕ್ಕೆ 30 ನಿಮಿಷದ, ರಾತ್ರಿಗೆ 45 ನಿಮಿಷದ ಮೀಸಲು ಇಂಧನ ಕೇಳುತ್ತದೆ. ಈ ಎರಡು ಸುತ್ತುಗಳನ್ನೂ ಬೇರೆ ನಿಲ್ದಾಣದ ದಾರಿಯನ್ನೂ ಲೆಕ್ಕಕ್ಕೆ ಹಿಡಿದು ಒಂದು ಗಂಟೆಯ ಮೀಸಲನ್ನು ಹೊರಡುವ ಮೊದಲೇ ತುಂಬಿಸಿಕೊಳ್ಳಿ.