ಕನ್ನಡ ಹೆಸರಿನ ಫೈಲ್ ಗಿಟ್‌ನಾಗ ನಡೀತಾವ, ಕೋಟ್ ಹಾಕ್ರಿ

ಕಲಬುರಗಿ ಜಿಲ್ಲೆಯ ತೊಗರಿ ದರ ಗಿಟ್‌ನಾಗ (ಫೈಲಿನ ಬದಲಾವಣೆಯ ದಾಖಲೆ ಇಡೋ ತಂತ್ರಾಂಶ) ಇಟ್ಟೀನಿ. ಆಳಂದ, ಸೇಡಂ, ಜೇವರ್ಗಿ, ಚಿತ್ತಾಪುರ ಹಿಂಗ ತಾಲೂಕಿಗೊಂದು ಫೋಲ್ಡರ್, ಒಳಗ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬರೆದ ಪಟ್ಟಿಯ ಫೈಲ್), ಹೆಸರೆಲ್ಲಾ ಕನ್ನಡದಾಗ. "ಇದು ನಡ್ಯಂಗಿಲ್ಲ, ಇಂಗ್ಲಿಷ್ ಹೆಸರು ಇಡ್ರಿ" ಅಂದವ್ರೇ ಬಹಳ. ಹೆಸರು ಬದಲಿಸೋ ಸ್ಕ್ರಿಪ್ಟಿಗೆ ಮೂರ್ನಾಕು ಸಾವಿರ ಕೇಳಿದ್ರು. ಆ ರೊಕ್ಕ ಉಳೀತು. ಸುಮಾರು ಎರಡು ಸಾವಿರ ಫೈಲ್ ಇವತ್ತಿಗೂ ಕನ್ನಡದಾಗೇ ಅದಾವ.

ಮೊದಲ ತೊಡಕು ಬ್ಯಾಷ್‌ದು, ಅಂದ್ರ ನಾವು ಕೊಡೋ ಕಮಾಂಡ್ ಓದೋ ಶೆಲ್‌ದು. ನಕ್ಷತ್ರ (*) ಅಂದ್ರ ಯಾವ ಹೆಸರಾದ್ರೂ ಸರಿ; ಬ್ಯಾಷ್ ಅದನ್ನ ಅದೇ ಫೋಲ್ಡರಿನ ಫೈಲ್ ಹೆಸರಿಗೆ ಬದಲಿಸಿ ಗಿಟ್‌ಗೆ ಕೊಡ್ತದ. ಮ್ಯಾಲಿನ ಫೋಲ್ಡರಿನಾಗ ಗಿಟ್ ಆಡ್ *.ಸಿಎಸ್‌ವಿ ಅಂದ್ರ, ಅಲ್ಲಿ ಸಿಎಸ್‌ವಿ ಒಂದೂ ಇಲ್ಲದಾಗ ನಕ್ಷತ್ರ ಹಂಗೇ ಗಿಟ್‌ಗೆ ಹೋಗಿ ಎಲ್ಲಾ ತಾಲೂಕೂ ಸೇರ್ತಾವ. ಯಾರೋ ಮ್ಯಾಲ ಒಂದು ಒಟ್ಟು.ಸಿಎಸ್‌ವಿ ಇಟ್ಟರ ಅದೊಂದೇ ಸೇರ್ತದ, ಎಚ್ಚರಿಕೆ ಏನೂ ಬರಂಗಿಲ್ಲ. ನಿನ್ನೆ ನಡೆದ ಕಮಾಂಡ್ ಇವತ್ತು ಕೈಕೊಡೋದು ಇದಕ್ಕೇ. '*.ಸಿಎಸ್‌ವಿ' ಅಂತ ಒಂಟಿ ಕೋಟಿನಾಗ ಕೊಡ್ರಿ, ಆಗ ಬ್ಯಾಷ್ ನಕ್ಷತ್ರ ಮುಟ್ಟಂಗಿಲ್ಲ, ಅದು ಗಿಟ್‌ಗೇ ಹೋಗ್ತದ. ಗಿಟ್‌ನ ನಕ್ಷತ್ರ ಓರೆಗೆರೆಯನ್ನೂ (/) ದಾಟಿ ಒಳಗಿನ ಫೋಲ್ಡರಿಗೂ ಹೋಗ್ತದ, ಅಳಿಸಿದ ಫೈಲನ್ನೂ ಲೆಕ್ಕಕ್ಕ ಹಿಡೀತದ. ಡಿಸ್ಕಿನಾಗ ಇಲ್ಲದ ಫೈಲ್ ಶೆಲ್‌ಗೆ ಹೆಂಗ ಕಾಣಬೇಕು?

ಸ್ಕ್ಯಾನ್ ಪಿಡಿಎಫ್ ಸೇರಿಬಿಟ್ರ ಹಾಟ್‌ಸ್ಪಾಟ್ ಮ್ಯಾಲ ಒಂದು ಪುಶ್‌ಗೆ (ಸರ್ವರಿಗೆ ಕಳಿಸೋದು) ಇನ್ನೂರು ಮುನ್ನೂರು ರೂಪಾಯಿ ಡೇಟಾ ಖಾಲಿ. ಗಿಟ್ ಆಡ್ . ':!*.ಪಿಡಿಎಫ್' ಸಾಕು, ಪಿಡಿಎಫ್ ಬಿಟ್ಟು ಉಳಿದದ್ದೆಲ್ಲಾ ಸೇರ್ತದ. ಜೋಡಿ ಕೋಟ್ ಹಾಕಿದ್ರ ಆ ಆಶ್ಚರ್ಯ ಚಿಹ್ನೆಯನ್ನ ಬ್ಯಾಷ್ ಹಿಸ್ಟರಿ, ಅಂದ್ರ ಹಿಂದಿನ ಕಮಾಂಡ್ ಕರೆಯೋ ಗುರುತು ಅಂತ ತಿಳೀತದ. ಅದರ ಬದಲಿ ^ ನಡೀತದ. -ಎನ್ ಹಾಕಿ ಮೊದಲು ನೋಡ್ರಿ, ಏನೂ ಸೇರಿಸದೇ ಏನೇನು ಸೇರ್ತಾವ ಅಂತ ಅಷ್ಟೇ ತೋರಿಸ್ತದ.

ಇನ್ನ ಪ್ರಶ್ನೆ ಚಿಹ್ನೆ (?), ಯಾವುದೋ ಒಂದರ ಜಾಗಕ್ಕ ಹಾಕೋದು. ಯುಟಿಎಫ್-8 ಲೊಕೇಲ್ (ಯುನಿಕೋಡ್ ಓದೋ ಭಾಷಾ ಸೆಟ್ಟಿಂಗ್) ಇದ್ರ ಬ್ಯಾಷ್‌ಗೆ ಅದು ಒಂದು ಯುನಿಕೋಡ್ ಚಿಹ್ನೆ, ಗಿಟ್‌ಗೆ ಒಂದು ಬೈಟ್. ಕನ್ನಡದ ಒಂದೊಂದು ಚಿಹ್ನೆ 3 ಬೈಟ್. 'ಕ'ಗೆ ??? ಬೇಕು, 'ಕಾ' ಅಂದ್ರ ದೀರ್ಘ ಬ್ಯಾರೆ ಚಿಹ್ನೆ, ಆರು ಬೇಕು. ಕದಿಂದ ಗವರೆಗಿನ ಹೆಸರು ಬೇಕಂತ '[ಕ-ಗ]*' ಅಂತೂ ಕೊಡಲೇಬ್ಯಾಡ್ರಿ: ಕನ್ನಡದ ಎಲ್ಲಾ ಚಿಹ್ನೆಗೂ ಮೊದಲ ಬೈಟ್ ಒಂದೇ, ಹಂಗಾಗಿ ಕನ್ನಡ ಹೆಸರಿನ ಫೈಲ್ ಒಂದೂ ಬಿಡಂಗಿಲ್ಲ. ಗಿಟ್ ತೋರಿಸೋ ಪಟ್ಟಿಯಾಗ \340\262\225 ಅಂತ ಕಂಡ್ರ ಹೆದರಬ್ಯಾಡ್ರಿ, ಅದು 'ಕ'. ಕೋರ್.ಕೋಟ್‌ಪಾತ್ ಅನ್ನೋ ಗಿಟ್ ಸೆಟ್ಟಿಂಗನ್ನ ಫಾಲ್ಸ್ ಮಾಡಿದ್ರ ಕನ್ನಡವೇ ಕಾಣ್ತದ.

ಬಹಳ ಕಾಡಿದ್ದು 'ತೊಗರಿ'ಯ 'ತೊ'. ಒತ್ವ ಒಂದೇ ಕೋಡಾಗಿ ಬಂದ್ರ 'ತೊ' 6 ಬೈಟ್, ಎರಡು ತುಂಡಾಗಿ ಬಂದ್ರ 9. ಕಣ್ಣಿಗೆ ಒಂದೇ, ಲಿನಕ್ಸ್‌ನಾಗ 'ತೊಗರಿ*' ಅರ್ಧ ಫೈಲ್ ಬಿಡ್ತದ. ಕಮಿಟ್‌ಗೆ (ಬದಲಾವಣೆ ದಾಖಲಿಸೋದು) ಮೊದಲೇ ಎಲ್ಲಾ ಒಂದು ರೂಪಕ್ಕ ತರೋ ಹುಕ್ (ಗಿಟ್ ತಾನಾಗೇ ಓಡಿಸೋ ಸ್ಕ್ರಿಪ್ಟ್) ಬರ್ಕೊಂಡೀನಿ. ಅದನ್ನ ಇಲ್ಲಿ ಹಾಕಂಗಿಲ್ಲ. ಸದ್ಯಕ್ಕ '*ಗರಿ*' ಅಂತ ಹುಡುಕ್ರಿ, ಎರಡೂ ಸಿಗ್ತಾವ.